ಒತ್ತುವ ಬಟನ್ ಅಲ್ಲಿ ಇಲ್ಲವೇ ಇಲ್ಲ

ಸದಾಶಿವಗಡದ ಓದುಗರೊಬ್ಬರು ತಮ್ಮ ಮನೆಯ ಹಳೆಯ ಡಿವಿಡಿಯ ಬಗ್ಗೆ ಎರಡು ಪ್ರಶ್ನೆ ಕಳಿಸಿದ್ದಾರೆ. ಮದುವೆಯ ವೀಡಿಯೋ, ಅರ್ಧಭಾಗ ದೇವಬಾಗದ ದಂಡೆಯಲ್ಲಿ ತೆಗೆದದ್ದು, ಎಡಿಟಿಂಗ್ ಆದದ್ದು ಮನೆಯ ಕಂಪ್ಯೂಟರಿನಲ್ಲೇ. ಮಂಟಪದ ದೃಶ್ಯಗಳು ಚೆನ್ನಾಗಿವೆ. ಸಮುದ್ರ ಬಂದಾಗ ಮಾತ್ರ, ಅದರಲ್ಲೂ ಒಂದು ದೃಶ್ಯ ಕರಗಿ ಇನ್ನೊಂದು ಮೂಡುವ ಕಡೆ, ನೀರೆಲ್ಲ ಚೌಕಚೌಕವಾಗಿ ಒಡೆಯುತ್ತದಂತೆ. ಎರಡನೆಯದು: ಡಿಸ್ಕಿನಲ್ಲಿದ್ದದ್ದನ್ನು ಪೆನ್‌ಡ್ರೈವಿಗೆ ಹಾಕಿಕೊಂಡರೆ ವೀಡಿಯೋ ಓಡುತ್ತದೆ, ಮೆನುವಿನ ಬಟನ್‌ಗಳು ಕೆಲಸ ಮಾಡುವುದಿಲ್ಲ. ದೋಷ ಕ್ಯಾಮೆರಾದ್ದೋ ಡಿಸ್ಕಿನದ್ದೋ ಎಂದು ಕೇಳಿದ್ದಾರೆ. ಎರಡರದ್ದೂ ಅಲ್ಲ.

ಮೊದಲು ಸಮುದ್ರ. ನಮ್ಮ ಟಿವಿಗಳಿಗೆಂದು ಮಾಡಿದ ಡಿವಿಡಿಯ ಪ್ರತಿ ಚಿತ್ರದಲ್ಲಿ ಅಡ್ಡಕ್ಕೆ 720, ಉದ್ದಕ್ಕೆ 576 ಪಿಕ್ಸೆಲ್. ಸೆಕೆಂಡಿಗೆ 25 ಚಿತ್ರ. ಇದನ್ನು ಕುಗ್ಗಿಸದೆ ತುಂಬಿದರೆ 4.7 ಜಿಬಿ ಡಿಸ್ಕು ಐದೇ ನಿಮಿಷಕ್ಕೆ ಭರ್ತಿ. ಅಷ್ಟೇ ಜಾಗದಲ್ಲಿ ಎರಡು ಗಂಟೆಯ ಮದುವೆ ಹಿಡಿಸುವುದು ಎಂಪೆಗ್-2 ಎಂಬ ಲೆಕ್ಕಾಚಾರದಿಂದ. ಅದು ಹೆಚ್ಚಿನ ಚಿತ್ರಗಳನ್ನು ಪೂರ್ತಿ ಬರೆದಿಡುವುದೇ ಇಲ್ಲ. ಚಿತ್ರವನ್ನು 16 ಪಿಕ್ಸೆಲ್ ಅಗಲ, 16 ಪಿಕ್ಸೆಲ್ ಎತ್ತರದ ಚೌಕಗಳಾಗಿ ಕತ್ತರಿಸಿ, ‘ಈ ಚೌಕ ಹಿಂದಿನ ಚಿತ್ರದಲ್ಲಿ ಸ್ವಲ್ಪ ಎಡಕ್ಕಿತ್ತು, ಅಲ್ಲಿಂದಲೇ ತಂದುಕೋ’ ಎಂದು ಗುರುತು ಹಾಕುತ್ತದೆ. ಉಳಿದ ಚೂರುಪಾರು ವ್ಯತ್ಯಾಸವನ್ನಷ್ಟೇ ಬರೆಯುತ್ತದೆ. ಕಾಳಿ ನದಿಯ ಅಳಿವೆಯಲ್ಲಿ ದೋಣಿ ಸಾಗುತ್ತಿದ್ದರೆ ಇಡೀ ದೋಣಿ ಒಟ್ಟಿಗೇ ಸರಿಯುತ್ತದೆ, ಲೆಕ್ಕ ಸಲೀಸು. ದಂಡೆಯ ಗಾಳಿಮರದ ಕಾಂಡವಂತೂ ಇದ್ದಲ್ಲೇ ಇರುತ್ತದೆ. ಆದರೆ ಅಲೆಯ ಮೇಲಿನ ಬಿಸಿಲಿನ ಮಿಂಚು? ಈ ಚಿತ್ರದಲ್ಲಿದ್ದದ್ದು ಮುಂದಿನದರಲ್ಲಿ ಇಲ್ಲ, ಬೇರೆಲ್ಲೋ ಹೊಸದು ಹುಟ್ಟಿರುತ್ತದೆ. ಎಲ್ಲಿಂದ ತರಬೇಕು ಎಂಬ ಪ್ರಶ್ನೆಗೆ ಉತ್ತರವೇ ಇಲ್ಲ. ಚೌಕ ಚೌಕವನ್ನೂ ಹೊಸದಾಗಿ ಬರೆಯಬೇಕಾಗುತ್ತದೆ. ಅಷ್ಟು ಬರೆಯಲು ಜಾಗವಿಲ್ಲದಾಗ ಸಾಫ್ಟ್‌ವೇರ್ ಸೂಕ್ಷ್ಮ ವಿವರಗಳನ್ನು ಕೈಬಿಟ್ಟು, ಚೌಕಕ್ಕೊಂದು ಸರಾಸರಿ ಬಣ್ಣ ಬಳಿದು ಮುಂದೆ ಹೋಗುತ್ತದೆ. ನಮ್ಮ ಓದುಗರು ಕಂಡದ್ದು ಇದನ್ನೇ.

ಅದರ ಮೇಲೆ ಡಿಸಾಲ್ವ್ ಎಫೆಕ್ಟ್ ಬಂದು ಕೂತರೆ ಕಷ್ಟ ಇಮ್ಮಡಿ. ಒಂದು ಸೆಕೆಂಡಿನ ಡಿಸಾಲ್ವ್ ಎಂದರೆ ಹಳೆಯ ದೃಶ್ಯದ ಪಾಲು ಇಳಿಯುತ್ತ, ಹೊಸದರ ಪಾಲು ಏರುತ್ತ 1,03,68,000 ಪಿಕ್ಸೆಲ್‌ಗಳ ಮಿಶ್ರಣ. ಕಂಪ್ಯೂಟರಿಗೆ ಇದು ಸುಲಭದ ಗುಣಾಕಾರ. ಎಂಪೆಗ್-2ಕ್ಕೆ ಮಾತ್ರ ಸಂಕಟ: ಅಲುಗಾಡದ ಗೋಡೆಯೂ ಚಿತ್ರದಿಂದ ಚಿತ್ರಕ್ಕೆ ಬಣ್ಣ ಬದಲಿಸುತ್ತಿರುವಾಗ ಹಿಂದಿನ ಚಿತ್ರದಿಂದ ಎತ್ತಿ ತರಲು ಏನು ಉಳಿಯಿತು? ‘ಅದೇ ಚೌಕ, ಆದರೆ ಇಷ್ಟು ಪಾಲು ಮಂಕಾಗಿಸಿ ತಾ’ ಎಂದು ಹೇಳುವ ಸೌಕರ್ಯ ಬಂದದ್ದು 2003ರ ಎಚ್.264 ಪದ್ಧತಿಯಲ್ಲಿ. ಡಿವಿಡಿಗೆ ಆ ಭಾಗ್ಯ ಇಲ್ಲ.

ಎಫೆಕ್ಟ್ ಹೆಚ್ಚಾದಷ್ಟೂ ವೀಡಿಯೋ ಚಂದ ಎಂಬ ನಂಬಿಕೆ ಕಂಡರೆ ನನಗೆ ಸಿಟ್ಟೇ ಬರುತ್ತದೆ. ರಂಪಣಿ ಎಳೆಯುವ ದೃಶ್ಯದಲ್ಲಿ, ಹಗ್ಗ ಹಿಡಿದ ಎರಡು ಸಾಲು ಹತ್ತಿರವಾಗುತ್ತ ಬಲೆ ಇನ್ನೇನು ದಂಡೆಗೆ ಬರಬೇಕು, ಆಗ ಚಿತ್ರ ಪುಟ ಮಗುಚಿದಂತೆ ಸುರುಳಿ ಸುತ್ತಿ ಹೋಗುವುದನ್ನು ನೋಡಿದ್ದೇನೆ. ಮೀನು ನೋಡುವ ಕಣ್ಣಿಗೆ ಮೋಸ ಅದು. ನೇರವಾಗಿ ಕತ್ತರಿಸಿ ಜೋಡಿಸಿದರೆ ಸಾಕು. ಕಣ್ಣಿಗೂ ಹಿತ, ಎಂಪೆಗ್‌ಗೂ ಹಗುರ.

ಇನ್ನು ಮೆನು. ಡಿವಿಡಿಯಲ್ಲಿ ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಇದು. ಟಿವಿಯಲ್ಲಿ ‘ಮುಹೂರ್ತ’, ‘ಆರತಕ್ಷತೆ’, ‘ದೇವಬಾಗ’ ಎಂಬ ಮೂರು ಬಟನ್ ಕಾಣುತ್ತವೆ, ರಿಮೋಟಿನ ಬಾಣ ಒತ್ತಿದರೆ ಹೊಳಪು ಒಂದರಿಂದ ಇನ್ನೊಂದಕ್ಕೆ ಜಿಗಿಯುತ್ತದೆ ಎಂದುಕೊಳ್ಳಿ. ಆ ಚಿತ್ರದಲ್ಲಿ ಬಟನ್ ಎಂಬುದೇ ಇಲ್ಲ. ಅಕ್ಷರ, ಚೌಕಟ್ಟು, ಹಿನ್ನೆಲೆಯ ಅಲೆ ಎಲ್ಲವೂ ಬೆರೆತು ಒಂದೇ ವೀಡಿಯೋ ಆಗಿಬಿಟ್ಟಿದೆ. ಅದರ ಮೇಲೆ ಪ್ಲೇಯರ್ ಗಾಜಿನ ಹಾಳೆಯಂಥ ಪಾರದರ್ಶಕ ಪದರವೊಂದನ್ನು ಹರಡುತ್ತದೆ. ಸಬ್‌ಪಿಕ್ಚರ್ ಎಂದು ಅದರ ಹೆಸರು. ಸಿನಿಮಾದ ಸಬ್‌ಟೈಟಲ್ ಮೂಡುವುದೂ ಇದೇ ಪದರದಲ್ಲಿ. ಈ ಪದರದಲ್ಲಿ ಪಿಕ್ಸೆಲ್ಲಿಗೆ ಎರಡೇ ಬಿಟ್, ಅಂದರೆ ನಾಲ್ಕೇ ಬಣ್ಣ, ಪಾರದರ್ಶಕವೂ ಸೇರಿ!

ಹಾಗಾದರೆ ಬಟನ್ ಎಂದರೇನು? ಒಂದು ಆಯತ ಎಲ್ಲಿಂದ ಎಲ್ಲಿಯವರೆಗೆ ಎಂಬ ಲೆಕ್ಕ. ಮೇಲೆ, ಕೆಳಗೆ, ಎಡ, ಬಲ ಒತ್ತಿದರೆ ಯಾವ ಆಯತಕ್ಕೆ ಹೋಗಬೇಕೆಂಬ ನಾಲ್ಕು ಅಂಕಿ. ಓಕೆ ಒತ್ತಿದರೆ ಪಾಲಿಸಬೇಕಾದ ಒಂದು ಆಜ್ಞೆ. ಅಷ್ಟೇ. ಬಾಣ ಒತ್ತಿದ ಕೂಡಲೇ ಪ್ಲೇಯರ್ ಆ ಆಯತದೊಳಗಿನ ಬಣ್ಣದ ಪಟ್ಟಿಯನ್ನು ಬದಲಿಸುತ್ತದೆ. ಕಾಣದೆ ಕೂತಿದ್ದ ಗೆರೆ ಹಳದಿಯಾಗುತ್ತದೆ. ಕೆಳಗಿನ ವೀಡಿಯೋಗೆ ಇದರ ಸುಳಿವೇ ಇರುವುದಿಲ್ಲ. ಒಂದು ಮೆನುವಿನಲ್ಲಿ ಹೆಚ್ಚೆಂದರೆ ಇಂಥ 36 ಬಟನ್. ಆಜ್ಞೆಗಳನ್ನು ಪಾಲಿಸಲು ಪ್ರತಿ ಪ್ಲೇಯರಿನಲ್ಲೂ ಪುಟ್ಟ ಗಣಕವೊಂದಿದೆ. ಡಿಸ್ಕು ಮಾಡುವವರ ಬಳಕೆಗೆ ಅದರಲ್ಲಿ 16 ನೆನಪಿನ ಖಾನೆಗಳು, ಖಾನೆಗೆ 16 ಬಿಟ್. ಇಷ್ಟೇ ಬಂಡವಾಳದಲ್ಲಿ ಅಂಕ ಎಣಿಸುವ ಕ್ವಿಜ್ ಆಟಗಳನ್ನೂ ಡಿವಿಡಿಯಲ್ಲಿ ಮಾಡಿದವರಿದ್ದಾರೆ. ನೆನೆಸಿಕೊಂಡಾಗಲೆಲ್ಲ ಖುಷಿಯಾಗುತ್ತದೆ.

ಮೆನು ಮಾಡುವಾಗ ಎದುರಾಗುವ ತೊಂದರೆಗಳ ಮೂಲವೂ ಇಲ್ಲೇ. ಕಂಪ್ಯೂಟರಿನಲ್ಲಿ ನುಣುಪಾಗಿ ಕಂಡ ನೆರಳಿನ ಹೃದಯದ ಗುರುತು ಟಿವಿಯಲ್ಲಿ ಗರಗಸದ ಅಂಚಾಗುವುದು, ಆ ನುಣುಪಿಗೆ ಬೇಕಾದ ನಡುಬಣ್ಣಗಳು ನಾಲ್ಕರಲ್ಲಿ ಇಲ್ಲದ್ದರಿಂದ. ಹೆಸರಿನ ಕೆಳಗೆ ಒಂದು ನೇರ ಗೆರೆ ಎಳೆಯಿರಿ, ಎಂದೂ ಕೆಡದು. ಅಲೆಯ ಹಿನ್ನೆಲೆ ಸುತ್ತು ಮುಗಿದು ಮತ್ತೆ ಶುರುವಾಗುವಾಗ ಕ್ಷಣ ತಡೆಯುವುದೂ ಸಹಜ: ಲೇಸರ್ ಸುರುಳಿಯಲ್ಲಿ ಹಿಂದಕ್ಕೆ ಹೋಗಿ ಜಾಗ ಹುಡುಕಬೇಕಲ್ಲ.

ಈಗ ಪೆನ್‌ಡ್ರೈವ್. ಡಿಸ್ಕಿನೊಳಗೆ ‘ವೀಡಿಯೋ_ಟಿಎಸ್’ ಎಂಬ ಫೋಲ್ಡರ್ ಇರುತ್ತದೆ. ಅದರಲ್ಲಿ ದಪ್ಪಗಿನ ವಿಒಬಿ ಫೈಲುಗಳಷ್ಟೇ ವೀಡಿಯೋ, ಸಣ್ಣವೆಲ್ಲ ಕಸ ಎಂದುಕೊಂಡು ಬಿಟ್ಟುಬಿಡುವವರೇ ಹೆಚ್ಚು. ಬಣ್ಣದ ಪಟ್ಟಿ, ಯಾವ ಆಜ್ಞೆಗೆ ಡಿಸ್ಕಿನ ಯಾವ ಜಾಗ ಎಂಬ ವಿಳಾಸ, ಎಲ್ಲ ಇರುವುದು ಆ ಸಣ್ಣ ಐಎಫ್‌ಒ ಫೈಲುಗಳಲ್ಲಿ. ಅವು ಎಷ್ಟು ಮುಖ್ಯವೆಂದರೆ ಪ್ರತಿಯೊಂದಕ್ಕೂ ಬಿಯುಪಿ ಎಂಬ ಹೆಸರಿನಲ್ಲಿ ಇನ್ನೊಂದು ಪ್ರತಿ ಅದೇ ಡಿಸ್ಕಿನಲ್ಲಿರುತ್ತದೆ. ಒಂದರ ಮೇಲೆ ಗೀರು ಬಿದ್ದರೆ ಇನ್ನೊಂದಿರಲಿ ಎಂದು. ಎಲ್ಲ ತಂದರೂ ಟಿವಿಯ ಯುಎಸ್‌ಬಿ ಕಿಂಡಿ ಅವನ್ನು ಓದುತ್ತದೆ ಎಂಬ ಭರವಸೆಯಿಲ್ಲ. ಇಡೀ ಡಿಸ್ಕನ್ನು ಒಂದು ಐಎಸ್‌ಒ ಫೈಲಾಗಿ ಮಾಡಿಕೊಂಡು ಕಂಪ್ಯೂಟರಿನ ವಿಎಲ್‌ಸಿಯಲ್ಲಿ ತೆರೆದರೆ ಬಟನ್‌ಗಳು ಮತ್ತೆ ಓಡಾಡುತ್ತವೆ. ಒಡೆದ ಸಮುದ್ರ ಮಾತ್ರ ಡಿಸ್ಕಿನಿಂದ ಸರಿಹೋಗದು, ಬಿಟ್ಟ ವಿವರ ಅಲ್ಲಿ ಉಳಿದೇ ಇಲ್ಲ. ಕ್ಯಾಮೆರಾದ ಮೂಲ ಟೇಪು ಮನೆಯಲ್ಲಿದ್ದರೆ ಇನ್ನೊಮ್ಮೆ ಎಡಿಟ್ ಮಾಡಿ: ದೇವಬಾಗದ ಭಾಗಕ್ಕೇ ಬೇರೆ ಡಿಸ್ಕು ಕೊಡಿ, ಅಲೆಗಳ ಮೇಲಿನ ಡಿಸಾಲ್ವ್‌ಗಳನ್ನು ಕಿತ್ತುಹಾಕಿ.