ಕೆಟ್ಟ ಚಿತ್ರಗಳ ಕಂತೆ

ಮನೆಯಲ್ಲಿ ಆನಿಮೇಶನ್ ಕಲಿಯುವ ಮಗನೋ ಮಗಳೋ ಇದ್ದರೆ ಮೊದಲು ಕಣ್ಣಿಗೆ ಬೀಳುವುದು ಕಾಗದದ ರಾಶಿ. ಮುಂಬಯಿಯ ಎರಡು ಕೋಣೆಗಳ ಮನೆಯಲ್ಲಿ ಮಂಚದ ಕೆಳಗೆ, ಅಕ್ಕಿಯ ಡಬ್ಬಿಯ ಪಕ್ಕದಲ್ಲಿ ಅದು ದಿನದಿನಕ್ಕೆ ಬೆಳೆಯುತ್ತದೆ. ತಾಯಿ ಒಂದು ಹಾಳೆ ಎಳೆದು ನೋಡುತ್ತಾಳೆ: ಒಂದು ವೃತ್ತ. ಇನ್ನೊಂದರಲ್ಲಿ ಅದೇ ವೃತ್ತ, ಒಂದು ಅಂಗುಲ ಕೆಳಗೆ. ಮೂರನೆಯದರಲ್ಲಿಯೂ ಅದೇ. "ಇಷ್ಟೆಲ್ಲ ಫೀಸು ಕೊಟ್ಟು ಕಲಿಯುವುದು ಸೊನ್ನೆ ಬರೆಯುವುದನ್ನೇ ಏನೋ?" ಎಂದು ಅವಳು ಕೇಳಿದರೆ ತಪ್ಪೆನ್ನಲಾಗದು. ಊರಿನಿಂದ ಬಂದ ಸೋದರಮಾವನಿಗೆ ತೋರಿಸಲು ಒಂದು ಗಣಪತಿಯ ಚಿತ್ರವಾದರೂ ಬೇಡವೆ?

ಇಲ್ಲಿಗೇ ನಿಂತರೆ ನಗೆಯ ಮಾತು. ಆದರೆ ಈ ರಾಶಿಯನ್ನು ನೋಡಿಯೇ "ಇವನಿಗೆ ಕೈ ಇಲ್ಲ" ಎಂದು ತೀರ್ಮಾನಿಸಿ, ವರ್ಷದ ನಡುವೆ ಹುಡುಗನನ್ನು ಬಿಡಿಸಿ ಬಿ.ಕಾಂ. ತರಗತಿಗೆ ಸೇರಿಸುವ ಯೋಚನೆ ಕೆಲವು ಮನೆಗಳಲ್ಲಿ ಬರುವುದುಂಟು. ಅದಕ್ಕಿಂತ ಹೆಚ್ಚಾಗಿ, ಹುಡುಗನೇ ತನ್ನ ಹಾಳೆಗಳನ್ನು ನೋಡಿ ನಾಚಿ, ಯಾರಿಗೂ ತೋರಿಸದೆ ಹರಿದು ಹಾಕುವುದುಂಟು. ಆದ್ದರಿಂದ ಆ ಸೊನ್ನೆಗಳ ಬೆಲೆ ಏನೆಂಬುದನ್ನು ಇಲ್ಲಿ ಸ್ವಲ್ಪ ವಿವರವಾಗಿ ಹೇಳುವುದು ಉಚಿತವೆಂದು ತೋರಿತು.

ಚಲನಚಿತ್ರದಲ್ಲಿ ಒಂದು ಸೆಕೆಂಡಿಗೆ 24 ಚೌಕಟ್ಟುಗಳು ಕಣ್ಣ ಮುಂದೆ ಸರಿಯುತ್ತವೆ. ಕೈಯಿಂದ ಬರೆಯುವವರು ಸಾಮಾನ್ಯವಾಗಿ ಒಂದೊಂದು ಚಿತ್ರವನ್ನು ಎರಡೆರಡು ಚೌಕಟ್ಟುಗಳಿಗೆ ಬಳಸುತ್ತಾರೆ. ಸೆಕೆಂಡಿಗೆ 12 ಚಿತ್ರಗಳಾದವು, ನಿಮಿಷಕ್ಕೆ 720. ಹಾಗಾದರೆ ತಾಯಿ ಎಳೆದು ನೋಡಿದ ಹಾಳೆ ಒಂದು ಸೆಕೆಂಡಿನ ಹನ್ನೆರಡರಲ್ಲಿ ಒಂದು ಪಾಲು ಮಾತ್ರ. ಅದನ್ನು ಬಿಡಿಯಾಗಿ ಹಿಡಿದು ಚೆಂದವೋ ಅಲ್ಲವೋ ಎಂದು ಕೇಳುವುದೆಂದರೆ, ಹಾಡಿನಿಂದ ಒಂದು ಅಕ್ಷರ ಕಿತ್ತು ರಾಗ ಯಾವುದೆಂದು ಕೇಳಿದ ಹಾಗೆ.

ಆ ವೃತ್ತ ಒಂದು ಚೆಂಡು. ಪುಟಿಯುವ ಚೆಂಡು ಈ ವಿದ್ಯೆಯ ಓನಾಮ. ಹೊಸ ವಿದ್ಯಾರ್ಥಿ ಮೇಲಿನಿಂದ ನೆಲದವರೆಗೆ ಚೆಂಡುಗಳನ್ನು ಸಮದೂರದಲ್ಲಿ ಬರೆಯುತ್ತಾನೆ. ಒಂದೊಂದೂ ದುಂಡಗೆ, ನುಣ್ಣಗೆ ಇರುತ್ತದೆ. ಆದರೆ ಹಾಳೆಗಳನ್ನು ಜೋಡಿಸಿ ಓಡಿಸಿದೊಡನೆ ಚೆಂಡು ಬೀಳುವುದೇ ಇಲ್ಲ. ಯಾರೋ ದಾರ ಕಟ್ಟಿ ಇಳಿಸಿದಂತೆ ಬರುತ್ತದೆ. ನಿಜವಾದ ಚೆಂಡು ಎತ್ತರದಲ್ಲಿ ತಡೆಯುತ್ತದೆ, ಇಳಿಯುತ್ತ ವೇಗ ಪಡೆಯುತ್ತದೆ. ಆದ್ದರಿಂದ ಮೇಲೆ ಚಿತ್ರಗಳು ಒತ್ತೊತ್ತಾಗಿ, ಕೆಳಗೆ ದೂರದೂರವಾಗಿ ಇರಬೇಕು. ತಪ್ಪು ಯಾವ ಹಾಳೆಯಲ್ಲಿಯೂ ಇಲ್ಲ. ಹಾಳೆ ಹಾಳೆಗಳ ನಡುವೆ ಇದೆ! ಈ ವಿದ್ಯೆಯ ವಿಚಿತ್ರವೆಲ್ಲ ಇಲ್ಲಿದೆ. ಮಾಡಿ ಮುಗಿಸಿ ಓಡಿಸಿ ನೋಡುವವರೆಗೆ ತಪ್ಪು ಕಾಣುವುದಿಲ್ಲ. ಕಾಣಬೇಕಾದರೆ ಮೊದಲು ತಪ್ಪಾಗಿ ಮಾಡಿಯೇ ಇರಬೇಕು.

ಇದಕ್ಕೆ ಸಲಕರಣೆ ಹೆಚ್ಚೇನಿಲ್ಲ. ಕೆಳಗಿನಿಂದ ಬೆಳಕು ಬರುವ ಗಾಜಿನ ಹಲಗೆ, ಹಾಳೆಗಳು ಅಲುಗದಂತೆ ಹಿಡಿಯುವ ಗೂಟಗಳ ಪಟ್ಟಿ, ಪೆನ್ಸಿಲು. ಬೆರಳುಗಳ ನಡುವೆ ನಾಲ್ಕೈದು ಹಾಳೆಗಳನ್ನು ಸಿಕ್ಕಿಸಿ ಸರಸರನೆ ಮಗುಚಿ ನೋಡುವುದನ್ನು ಕೈ ಕಲಿತರೆ ಅರ್ಧ ತಪ್ಪು ಅಲ್ಲಿಯೇ ಸಿಗುತ್ತದೆ. ಉಳಿದದ್ದಕ್ಕೆ ಪೆನ್ಸಿಲ್ ಗೆರೆಗಳನ್ನೇ ಚಿತ್ರೀಕರಿಸಿ ಓಡಿಸಿ ನೋಡುವ ಪದ್ಧತಿ ಇದೆ. ಹಿಂದೆ ಫಿಲ್ಮು ತೊಳೆದು ಬರುವವರೆಗೆ ಕಾಯಬೇಕಾಗಿತ್ತು; ಈಗ ಜೇಬಿನ ಮೊಬೈಲೇ ಆ ಕೆಲಸ ಮಾಡುತ್ತದೆ.

ಚೆಂಡು ಮುಗಿದ ಮೇಲೆ ನಡಿಗೆ. ಹೆಜ್ಜೆ ಊರುವುದು, ಮೈ ತಗ್ಗುವುದು, ಕಾಲು ದಾಟುವುದು, ಮೈ ಏರುವುದು ಎಂದು ನಾಲ್ಕು ಮುಖ್ಯ ನಿಲುವುಗಳು. ಹೊಸಬರು ಕಾಲುಗಳನ್ನು ಶ್ರದ್ಧೆಯಿಂದ ಬರೆದು, ತಲೆಯನ್ನು ಒಂದೇ ಎತ್ತರದಲ್ಲಿ ಇಟ್ಟುಬಿಡುತ್ತಾರೆ. ಮನುಷ್ಯ ನಡೆಯದೆ ಚಕ್ರದ ಮೇಲೆ ತೇಲುತ್ತಾನೆ. ಇನ್ನು ಕೆಲವರ ಕೈಯಲ್ಲಿ ನೆಲಕ್ಕೆ ಊರಿದ ಪಾದ ಜಾರುತ್ತದೆ, ಎಣ್ಣೆ ಚೆಲ್ಲಿದ ಅಂಗಳದಲ್ಲಿ ನಡೆದಂತೆ.

ಹೀಗೆ ಎಡವುವವರು ಎಳೆಯ ವಿದ್ಯಾರ್ಥಿಗಳು ಮಾತ್ರವೆಂದು ತಿಳಿಯಬೇಡಿ. ಕುದುರೆ ಓಡುವುದನ್ನು ಯೂರೋಪಿನ ಮಹಾ ಚಿತ್ರಕಾರರು ಬಹುಕಾಲ ತಪ್ಪಾಗಿಯೇ ಬರೆದರು. ಪ್ಯಾರಿಸ್ಸಿನ ಲೂವ್ರ್ ಸಂಗ್ರಹಾಲಯದಲ್ಲಿರುವ ಝೆರಿಕೋ ಅವರ 1821ರ ಕುದುರೆಪಂದ್ಯದ ಚಿತ್ರದಲ್ಲಿ ಕುದುರೆಗಳು ಮುಂಗಾಲು ಮುಂದಕ್ಕೆ, ಹಿಂಗಾಲು ಹಿಂದಕ್ಕೆ ಚಾಚಿ ಗಾಳಿಯಲ್ಲಿ ಹಾರುತ್ತವೆ. 1878ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯದಲ್ಲಿ ಮೈಬ್ರಿಜ್ ಎಂಬವರು ಸಾಲಾಗಿ ಕ್ಯಾಮರಾಗಳನ್ನಿಟ್ಟು ಓಡುವ ಕುದುರೆಯ ಚಿತ್ರ ತೆಗೆದಾಗ ನಿಜ ತಿಳಿಯಿತು: ನಾಲ್ಕು ಗೊರಸುಗಳೂ ನೆಲ ಬಿಡುವುದು ಕಾಲುಗಳು ಹೊಟ್ಟೆಯ ಕೆಳಗೆ ಒಟ್ಟಾಗಿ ಮಡಿಸಿದ್ದಾಗ. ಮೈಬ್ರಿಜ್ಜರ ಆ ಬಗೆಯ ಚಿತ್ರಗಳನ್ನು ಆನಿಮೇಶನ್ ವಿದ್ಯಾರ್ಥಿಗಳು ಇಂದಿಗೂ ಮುಂದಿಟ್ಟುಕೊಂಡು ಬರೆಯುತ್ತಾರೆ.

ವಾಲ್ಟ್ ಡಿಸ್ನಿಯವರ ಸಂಸ್ಥೆಯ ಕಥೆಯಂತೂ ಪ್ರತಿಯೊಬ್ಬ ತಂದೆತಾಯಿಗಳೂ ಕೇಳತಕ್ಕದ್ದು. ಮಿಕ್ಕಿ ಇಲಿಯಿಂದ ಆಗಲೇ ಹೆಸರಾಗಿದ್ದ ಆ ಸಂಸ್ಥೆ 1932ರಲ್ಲಿ ತನ್ನ ಸಂಬಳದ ಚಿತ್ರಕಾರರಿಗಾಗಿಯೇ ರಾತ್ರಿಯ ತರಗತಿ ತೆರೆದು, ಡಾನ್ ಗ್ರಹಾಂ ಎಂಬ ಉಪಾಧ್ಯಾಯರನ್ನು ಕರೆಸಿತು. ಹಗಲೆಲ್ಲ ಬರೆದವರು ರಾತ್ರಿ ಮತ್ತೆ ವಿದ್ಯಾರ್ಥಿಗಳಾಗಿ ಕುಳಿತರು. 1934ರಲ್ಲಿ 'ವಸಂತದೇವತೆ' ಎಂಬರ್ಥದ ಹೆಸರಿನ ಕಿರುಚಿತ್ರವೊಂದು ಅಲ್ಲಿ ತಯಾರಾಯಿತು. ಅದರ ನಾಯಕಿಯ ತೋಳುಗಳಲ್ಲಿ ಎಲುಬೇ ಇದ್ದಂತಿಲ್ಲ, ಶಾವಿಗೆಯಂತೆ ಬಳುಕುತ್ತವೆ. ಇಲಿ, ನಾಯಿ, ಹಂದಿಗಳನ್ನು ಕುಣಿಸಿದ ಕೈಗಳಿಗೆ ಒಬ್ಬ ಹೆಣ್ಣುಮಗಳ ಸಹಜ ನಡೆ ಒಲಿದಿರಲಿಲ್ಲ. ಆ ಚಿತ್ರವನ್ನು ಯಾರೂ ಬಚ್ಚಿಡಲಿಲ್ಲ, ಬಿಡುಗಡೆಯೂ ಆಯಿತು. ಆಮೇಲೆ ಅವರು ಒಬ್ಬ ನರ್ತಕಿಯನ್ನು ಕುಣಿಸಿ ಚಿತ್ರೀಕರಿಸಿ, ಆ ಚಲನೆಯನ್ನು ಅಭ್ಯಾಸ ಮಾಡಿದರು. ಹಾಗೆಯೇ ಗೆರೆ ಎಳೆದು ನಕಲು ಮಾಡಿದರೆ ಜೀವ ಬರುವುದಿಲ್ಲವೆಂಬುದು ಅಲ್ಲಿ ಕಲಿತ ಇನ್ನೊಂದು ಪಾಠ. ನೋಡಿದ್ದನ್ನು ಚಿತ್ರಕ್ಕೆ ಒಪ್ಪುವಂತೆ ಹಿಗ್ಗಿಸಿ ಕುಗ್ಗಿಸಿ ಬರೆಯಬೇಕಾಯಿತು. 1937ರ ಡಿಸೆಂಬರಿನಲ್ಲಿ 'ಸ್ನೋ ವೈಟ್' ತೆರೆಗೆ ಬಂತು. ಎರಡನ್ನೂ ಒಂದಾದ ಮೇಲೊಂದು ನೋಡಿ. ಮೂರೇ ವರ್ಷಗಳಲ್ಲಿ ಕೈ ಎಲ್ಲಿಂದ ಎಲ್ಲಿಗೆ ಬಂತೆಂಬುದು ಬರಿಗಣ್ಣಿಗೆ ಕಾಣುತ್ತದೆ.

ಆ ಸಂಸ್ಥೆಯಲ್ಲಿ ದುಡಿದ ಒಬ್ಬರಿಂದ ನಮ್ಮ ಮುಂಬಯಿಗೂ ಈ ವಿದ್ಯೆ ಬಂತೆಂಬುದು ಹಲವರಿಗೆ ತಿಳಿಯದು. ಫಿಲ್ಮ್ಸ್ ಡಿವಿಜನ್ 1956ರಲ್ಲಿ ಕಾರ್ಟೂನ್ ವಿಭಾಗ ತೆರೆದಾಗ ಕಲಿಸಲು ಬಂದವರು ಕ್ಲೇರ್ ವೀಕ್ಸ್. 'ಬ್ಯಾಂಬಿ' ಜಿಂಕೆಯ ಚಿತ್ರಕ್ಕೆ ಕೆಲಸ ಮಾಡಿದ್ದವರು. ಇಲ್ಲಿಯ ತಂಡ ಜಾತಕ ಕಥೆಯೊಂದನ್ನು ಆಧರಿಸಿ 1957ರಲ್ಲಿ ತಯಾರಿಸಿದ್ದೂ ಜಿಂಕೆಯ ಚಿತ್ರವೇ, 'ದಿ ಬ್ಯಾನಿಯನ್ ಡೀರ್'. ಆ ವಿಭಾಗದಲ್ಲಿ ಕಲಿತು ಬೆಳೆದ ರಾಮಮೋಹನರು ರಸಾಯನಶಾಸ್ತ್ರದ ವಿದ್ಯಾರ್ಥಿಯಾಗಿದ್ದವರು. 2014ರಲ್ಲಿ ಅವರಿಗೆ ಪದ್ಮಶ್ರೀ ಬಂತು. ಬಿ.ಕಾಂ.ಗೆ ಸೇರಿಸಬೇಕೆನ್ನುವ ತಂದೆಯರು ಇದನ್ನು ಗಮನಿಸಲಿ!

ಅಮೆರಿಕದ ಚಕ್ ಜೋನ್ಸ್ ತಮ್ಮ ಕಲಾಶಾಲೆಯ ಗುರುಗಳೊಬ್ಬರ ಮಾತನ್ನು ನೆನೆಯುತ್ತಿದ್ದರು: ನಿಮ್ಮೊಳಗೆ ಒಂದು ಲಕ್ಷ ಕೆಟ್ಟ ಚಿತ್ರಗಳಿವೆ, ಬೇಗ ಹೊರಗೆ ಹಾಕಿದಷ್ಟೂ ಒಳ್ಳೆಯದು ಎಂಬುದು ಅದರ ಸಾರಾಂಶ. ಒಂದು ಲಕ್ಷವೆಂದರೆ ಎದೆ ಝಲ್ಲೆನ್ನುತ್ತದೆ. ಆದರೆ ಲೆಕ್ಕ ಹಾಕಿ ನೋಡಿ; ಸೆಕೆಂಡಿಗೆ 12ರಂತೆ ಒಂದು ಲಕ್ಷ ಚಿತ್ರಗಳು 2 ಗಂಟೆ 19 ನಿಮಿಷದ ಒಂದು ಸಿನೆಮಾ, ಅಷ್ಟೆ.

ಹಾಗೆಂದು ಬರಿಯ ಸಂಖ್ಯೆಯಿಂದ ವಿದ್ಯೆ ಬರುವುದಿಲ್ಲ. ಒಂದೇ ತಪ್ಪನ್ನು ಸಾವಿರ ಸಲ ಬರೆದರೆ ತಪ್ಪೇ ಗಟ್ಟಿಯಾಗುತ್ತದೆ. ಕನ್ನಡದಲ್ಲಿ 'ತಿದ್ದು' ಎಂಬ ಮಾತಿಗೆ ಎರಡು ಅರ್ಥಗಳಿವೆಯಷ್ಟೆ. ತಪ್ಪನ್ನು ಸರಿಪಡಿಸುವುದೂ ತಿದ್ದುವುದೇ. ಮಗು ಮರಳಿನ ಮೇಲೆ ಬೆರಳಾಡಿಸಿ ಅ ಆ ಕಲಿಯುವುದೂ ತಿದ್ದುವುದೇ. ಆನಿಮೇಶನ್ ಕಲಿಸುವ ಉಪಾಧ್ಯಾಯರು ಇವೆರಡನ್ನೂ ಒಟ್ಟಿಗೆ ಮಾಡಿಸುತ್ತಾರೆ. ವಿದ್ಯಾರ್ಥಿಯ ಹಾಳೆಯನ್ನು ಅಳಿಸುವುದಿಲ್ಲ. ಅದರ ಮೇಲೆ ಹೊಸ ಹಾಳೆಯಿಟ್ಟು, ಕೆಳಗಿನ ಬೆಳಕಿನಲ್ಲಿ ಬೇರೆ ಬಣ್ಣದ ಪೆನ್ಸಿಲಿನಿಂದ ಸರಿಯಾದ ಗೆರೆ ಎಳೆಯುತ್ತಾರೆ. ತನ್ನ ಗೆರೆ ಎಲ್ಲಿ ಬಿಟ್ಟಿತು, ಗುರುವಿನದು ಎಲ್ಲಿ ಹಿಡಿಯಿತು ಎಂಬುದು ಒಟ್ಟಿಗೇ ಕಾಣುತ್ತದೆ. ಹಳೆಯ ಹಾಳೆ ಹರಿದವನಿಗೆ ಈ ಪಾಠ ಅರ್ಧವೇ ದಕ್ಕೀತು.

ಇನ್ನು ಮನೆಯ ಹೊರಗಿನ ಅಭ್ಯಾಸ. ಕಾರ್ಟೂನ್ ಬೊಂಬೆಗಳನ್ನು ನಕಲು ಮಾಡುವುದರಲ್ಲಿ ಹುಡುಗರು ಕಾಲ ಕಳೆಯುತ್ತಾರೆ. ನೆಂಟರು ಮೆಚ್ಚುವುದೂ ಅದನ್ನೇ. ಅದಕ್ಕಿಂತ ದಾದರ್ ನಿಲ್ದಾಣದಲ್ಲಿ ಅರ್ಧ ಗಂಟೆ ನಿಲ್ಲುವುದು ಮೇಲು. ಬಲಗೈಯಲ್ಲಿ ತರಕಾರಿಯ ಭಾರದ ಚೀಲ ಹಿಡಿದವಳ ಮೈ ಎಡಕ್ಕೆ ವಾಲುತ್ತದೆ, ಎಡದ ತೋಳು ದೂರ ಸರಿಯುತ್ತದೆ. ಓಡುವ ಗಾಡಿಗೆ ಹಾರಲಿರುವವನು ಹಾರುವ ಮೊದಲು ಒಂದಿಷ್ಟು ಕುಗ್ಗುತ್ತಾನೆ. (ಬರೆದುಕೊಳ್ಳಲಿ, ಅನುಸರಿಸದಿರಲಿ.) ಮೂವತ್ತು ಸೆಕೆಂಡಿನಲ್ಲಿ ಏಳೆಂಟು ಗೆರೆ ಎಳೆದರೆ ಸಾಕು. ಕಣ್ಣು ಮೂಗು ಬೇಡ. ಭಾರ ಯಾವ ಕಾಲಿನ ಮೇಲಿದೆ ಎಂಬುದಿರಲಿ.

"ಈಗೆಲ್ಲ ಕಂಪ್ಯೂಟರ್ ಮಾಡುತ್ತದಲ್ಲ, ಪೆನ್ಸಿಲೇಕೆ?" ಎಂದು ಕೇಳುವವರಿದ್ದಾರೆ. ನಡುವಿನ ಚಿತ್ರಗಳನ್ನು ಯಂತ್ರ ತುಂಬಿಕೊಡುವುದು ನಿಜ. ಆದರೆ ಅದು ತುಂಬುವುದು ಲೆಕ್ಕಾಚಾರದಿಂದ. ಚೆಂಡು ರಬ್ಬರಿನದೋ ಕಬ್ಬಿಣದ್ದೋ ಎಂಬುದು ಅದಕ್ಕೆ ಗೊತ್ತಿಲ್ಲ. ಹೇಳಿಕೊಡಬೇಕಾದವನು ಸೊನ್ನೆ ಬರೆದು ಕೈ ಸುಟ್ಟುಕೊಂಡ ಅದೇ ಹುಡುಗ.

ಕಾಗದದ ಖರ್ಚಿನ ವಿಷಯವಾಗಿ ಒಂದು ಮಾತು ಉಳಿಯಿತು. ಗಾಜಿನ ಹಲಗೆಯ ಮೇಲೆ ಇಡುವ ಹಾಳೆಗಳು ಎರಡು ಬದಿಯೂ ಖಾಲಿ ಇರಬೇಕು, ಇಲ್ಲದಿದ್ದರೆ ಹಿಂದಿನ ಗೆರೆ ಬೆಳಕಿಗೆ ಮೂಡಿ ತೊಂದರೆ ಕೊಡುತ್ತದೆ; ಇದರಲ್ಲಿ ಜಿಪುಣತನ ಬೇಡ. ಮೂವತ್ತು ಸೆಕೆಂಡಿನ ಚಿತ್ರಗಳಿಗೆ ಮಾತ್ರ ತಂದೆಯವರ ಆಫೀಸಿನಲ್ಲಿ ಒಂದು ಬದಿ ಅಚ್ಚಾಗಿ ಬಿಸಾಡಿದ ಕಾಗದ ಧಾರಾಳವಾಗಿ ಸಾಕು. ಪ್ರತಿ ಹಾಳೆಯ ಮೂಲೆಯಲ್ಲಿ ಸಂಖ್ಯೆ, ತಾರೀಖು ಬರೆದು, ಒಂದೊಂದು ಅಭ್ಯಾಸವನ್ನು ಬೇರೆ ಬೇರೆ ದಾರದಲ್ಲಿ ಕಟ್ಟಿಡಲಿ. ರದ್ದಿಯವನು ಬಂದಾಗ ವೃತ್ತಪತ್ರಿಕೆಗಳನ್ನು ಕೊಡಿ. ಮಂಚದ ಕೆಳಗಿನ ಕಂತೆಯನ್ನು ಕೊಡುವ ಮೊದಲು ಹುಡುಗನನ್ನು ಒಂದು ಮಾತು ಕೇಳಿ.