ದುರಸ್ತಿಗೆ ಮೂವತ್ತು ಸಾವಿರ, ಹೊಸ ಮನೆಗೆ ಎರಡು ಲಕ್ಷ

ಗುಂಡ್ಲುಪೇಟೆ ಮತ್ತು ಚಾಮರಾಜನಗರ ತಾಲ್ಲೂಕುಗಳ ಹಳ್ಳಿಗಳಲ್ಲಿ ಇಂದು ಹಳೆಯ ಮನೆ ಎಂದರೆ ಕೆಡವಬೇಕಾದ ಮನೆ ಎಂದೇ ಅರ್ಥ. ಮಂಗಳೂರು ಹೆಂಚಿನ ಸೂರು, ನಡುವೆ ಆಕಾಶಕ್ಕೆ ತೆರೆದ ತೊಟ್ಟಿ, ಸುತ್ತ ಮರದ ಕಂಬಗಳ ಪಡಸಾಲೆ ಇರುವ ಮನೆಗಳು ಬೀದಿಗೆ ಒಂದೋ ಎರಡೋ ಉಳಿದಿವೆ. ಉಳಿದಿರುವುದಕ್ಕೆ ಕಾರಣ ಬಹುಮಟ್ಟಿಗೆ ಅಭಿಮಾನವಲ್ಲ, ಇತ್ಯರ್ಥವಾಗದ ಪಾಲು. ಪಾಲು ಇತ್ಯರ್ಥವಾದ ವರ್ಷವೇ ಕಂಬಗಳು ಲಾರಿ ಹತ್ತುತ್ತವೆ. ಹಳೆಯ ಕಂಬ, ಬೋದಿಗೆ, ಬಾಗಿಲುವಾಡಗಳಿಗೆ ಒಳ್ಳೆಯ ಗಿರಾಕಿಗಳಿದ್ದಾರೆ. ತಮಿಳುನಾಡಿನ ಕಾರೈಕುಡಿಯಲ್ಲಿ ಇಂಥ ವಸ್ತುಗಳದೇ ಒಂದು ಬೀದಿ ಇದೆ. ಇಡಿಯಾಗಿ ನಿಂತ ಮನೆಗೆ ಇಲ್ಲದ ಬೆಲೆ ಬಿಡಿಬಿಡಿಯಾಗಿ ಬಿಚ್ಚಿದ ಮನೆಗೆ ಇದೆ.

ತೆರಕಣಾಂಬಿ ಹೋಬಳಿಯ ನಮ್ಮ ಹಿರೀಕರ ಮನೆಯೂ ಇದೇ ದಾರಿ ಹಿಡಿಯಬೇಕಿತ್ತು. ತಾತ 1930ರ ದಶಕದಲ್ಲಿ ಕಟ್ಟಿಸಿದ ಮನೆ. ನಾವು ಮೂವರು ಗಂಡುಮಕ್ಕಳು, ಇಬ್ಬರು ಹೆಣ್ಣುಮಕ್ಕಳು. ಊರಿನಲ್ಲಿ ಇರುವವನು ಕಿರಿಯ ತಮ್ಮ ಒಬ್ಬನೇ. ಕೆಡವಿ ಆರ್‌ಸಿಸಿ ಮನೆ ಕಟ್ಟುವುದೋ, ಇದ್ದುದನ್ನೇ ಸರಿಪಡಿಸುವುದೋ ಎಂಬ ಚರ್ಚೆ ನಾಲ್ಕು ವರ್ಷ ನಡೆದು, 2024ರ ಸಂಕ್ರಾಂತಿಯ ನಂತರ ದುರಸ್ತಿಯ ಕೆಲಸ ಆರಂಭವಾಯಿತು. ಸೇವೆಯಲ್ಲಿದ್ದಾಗ ಕಟ್ಟಡಗಳ ಅಂದಾಜು ಪಟ್ಟಿಗಳಿಗೆ ನೂರಾರು ಬಾರಿ ಸಹಿ ಹಾಕಿದವನು ನಾನು. ಸಹಿ ಹಾಕುವುದಕ್ಕೂ ಗೋಡೆಯ ಮುಂದೆ ನಿಲ್ಲುವುದಕ್ಕೂ ಇರುವ ಅಂತರವೇ ಬೇರೆ. ಕೆಲಸ ಮುಂದುವರಿದಂತೆ ಒಂದು ವಿಷಯ ಸ್ಪಷ್ಟವಾಗುತ್ತ ಹೋಯಿತು: ಹೊಸದನ್ನು ಕಟ್ಟುವವನಿಗೆ ನಮ್ಮ ತೆರಿಗೆ, ಸಾಲ, ಲೆಕ್ಕಪತ್ರಗಳೆಲ್ಲ ಬಾಗಿಲು ತೆರೆದು ನಿಂತಿವೆ, ಇರುವುದನ್ನು ಉಳಿಸಿಕೊಳ್ಳುವವನ ಪಾಲಿಗೆ ಅವು ಹೊರಬಾಗಿಲನ್ನೂ ತೆರೆಯುವುದಿಲ್ಲ.

ಮೊದಲು ಗೋಡೆಯ ಕಥೆ. ಹೊರಗೋಡೆಗಳು ಎರಡಡಿ ದಪ್ಪದ ಮಣ್ಣಿನವು. ತೊಂಬತ್ತರ ದಶಕದಲ್ಲಿ ಎಲ್ಲರಂತೆ ನಮ್ಮ ಮನೆಯವರೂ ಅದರ ಹೊರಮೈಗೆ ಸಿಮೆಂಟು ಗಾರೆ ಬಳಿಸಿದ್ದರು. ನೋಡಲು ಗಟ್ಟಿಮುಟ್ಟಾಗಿ ಕಾಣುತ್ತಿದ್ದ ಆ ಪದರವನ್ನು ಉಳಿಯಿಂದ ಕೆತ್ತಿ ತೆಗೆದಾಗ ಒಳಗೆ ಮಣ್ಣು ಒದ್ದೆಯಾಗಿತ್ತು, ಗೆದ್ದಲು ಜಂತೆಯ ತುದಿಯವರೆಗೆ ಏರಿತ್ತು. ನೆಲದಿಂದ ಗೋಡೆಗೆ ತೇವ ಏರುವುದು ಸಹಜ; ಸುಣ್ಣದ ಗಾರೆಯಾದರೆ ಅದನ್ನು ಹೊರಗೆ ಬಿಡುತ್ತದೆ, ಸಿಮೆಂಟು ಬಿಡುವುದಿಲ್ಲ. ಮೇಸ್ತ್ರಿ ಇದನ್ನೇ ಒಂದು ವಾಕ್ಯದಲ್ಲಿ ಹೇಳಿದರು: ‘ಮಣ್ಣಿನ ಗೋಡಗ ಸಿಮೆಂಟು ಬಳುದ್ರ ಉಸ್ರು ಕಟ್ಟೋಯ್ತದ ಬುದ್ದೀ.’

ಈ ಮೇಸ್ತ್ರಿಯನ್ನು ಹುಡುಕಲು ಐದು ತಿಂಗಳು ಬೇಕಾಯಿತು. ಎಪ್ಪತ್ತು ದಾಟಿದವರು. ಸುಟ್ಟ ಸುಣ್ಣವನ್ನು ಗುಂಡಿಯಲ್ಲಿ ನೀರು ಹಾಕಿ ಅರಳಿಸಿ, ವಾರಗಟ್ಟಲೆ ನೆನೆಯಲು ಬಿಟ್ಟು, ಮರಳು ಬೆರೆಸಿ ಅರೆದು, ಬೆಲ್ಲದ ನೀರು, ಅಳಲೆಕಾಯಿ ರಸ ಸೇರಿಸಿ ಗಾರೆ ಹದ ಮಾಡುವುದನ್ನು ಬಲ್ಲವರು ಸುತ್ತಿನ ಹಳ್ಳಿಗಳಲ್ಲಿ ಅವರಲ್ಲದೆ ನಮಗೆ ಬೇರೊಬ್ಬರು ಸಿಗಲಿಲ್ಲ. ಸಿಮೆಂಟಿನಂತೆ ಮರುದಿನವೇ ಗಟ್ಟಿಯಾಗುವ ವಸ್ತು ಇದಲ್ಲ. ಸುಣ್ಣದ ಕಲ್ಲನ್ನು ಸುಡುವಾಗ ಹೊರಬಿದ್ದ ಇಂಗಾಲದ ಡೈಆಕ್ಸೈಡನ್ನೇ ಗಾಳಿಯಿಂದ ಮತ್ತೆ ನಿಧಾನವಾಗಿ ಹೀರಿಕೊಂಡು ಅದು ಕಲ್ಲಾಗಬೇಕು. ಒಂದು ಪದರಕ್ಕೂ ಇನ್ನೊಂದು ಪದರಕ್ಕೂ ನಡುವೆ ಕಾಯಬೇಕು. ಮಳೆಗಾಲದ ಮೂರು ತಿಂಗಳು ಕೆಲಸ ನಿಂತೇಹೋಯಿತು. ‘ಈ ಹೊತ್ತಿಗೆ ಎರಡಂತಸ್ತು ಎದ್ದಿರುತ್ತಿತ್ತಲ್ಲ ಅಣ್ಣಾ’ ಎಂದು ತಮ್ಮ ಹೇಳದ ವಾರವಿರಲಿಲ್ಲ. ಅವನ ಮಾತು ಸುಳ್ಳೂ ಆಗಿರಲಿಲ್ಲ.

ಕುಸಿದಿದ್ದ ಕೊಟ್ಟಿಗೆಯ ಕಡೆಯ ಗೋಡೆಯನ್ನು ಮಾತ್ರ ಹೊಸದಾಗಿ ಎಬ್ಬಿಸಬೇಕಾಯಿತು. ಅದಕ್ಕೆ ಯಂತ್ರದಲ್ಲಿ ಒತ್ತಿದ ಮಣ್ಣಿನ ಇಟ್ಟಿಗೆ ಬಳಸಿದೆವು. ಮಣ್ಣಿಗೆ ಶೇ 7ರಷ್ಟು ಸಿಮೆಂಟು ಸೇರಿಸಿ ಒತ್ತುವ ಈ ಇಟ್ಟಿಗೆಯನ್ನು ಸುಡಬೇಕಾಗಿಲ್ಲ. ನಮ್ಮ ರಾಜ್ಯದಲ್ಲಿ ಇದಕ್ಕೆ ಶಾಸ್ತ್ರೀಯ ರೂಪ ಕೊಟ್ಟುದು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಆರಂಭವಾದ ‘ಅಸ್ತ್ರ’ ಕೇಂದ್ರ, ಅಲ್ಲಿ ಕೆ.ಎಸ್. ಜಗದೀಶ್ ಅವರು ದಶಕಗಳ ಕಾಲ ಈ ಕೆಲಸದಲ್ಲಿ ತೊಡಗಿದ್ದರು. ಅರ್ಧ ಶತಮಾನ ಕಳೆದರೂ ಆ ಇಟ್ಟಿಗೆ ನಮ್ಮ ಹಳ್ಳಿಯ ಮೇಸ್ತ್ರಿಗಳಿಗೆ ಅಪರಿಚಿತವಾಗಿಯೇ ಉಳಿದಿದೆ.

ಇನ್ನು ಹಣದ ವಿಷಯ. ಸಾಲಕ್ಕೆಂದು ಒಂದು ಬ್ಯಾಂಕಿಗೆ ಹೋದಾಗ ಮೌಲ್ಯಮಾಪಕರು ಬಂದು ಅಳೆದರು. ಅವರ ವರದಿಯಲ್ಲಿ ನಿವೇಶನಕ್ಕೆ ಬೆಲೆಯಿತ್ತು, ಮನೆಗೆ ಇರಲಿಲ್ಲ. ಮಣ್ಣಿನ ಗೋಡೆ, ತೊಂಬತ್ತು ವರ್ಷ. ಸವಕಳಿ ಕಳೆದರೆ ಉಳಿಯುವುದು ಸೊನ್ನೆ. ತೇಗದ ಹನ್ನೆರಡು ಕಂಬಗಳನ್ನು ಅವರು ಎಣಿಸಿದ್ದರು, ಬರೆದಿರಲಿಲ್ಲ. ತೆರಿಗೆಯ ಕಾನೂನೂ ಇದೇ ಧಾಟಿಯದು. 1961ರ ಆದಾಯ ತೆರಿಗೆ ಕಾಯ್ದೆಯ 24ನೇ ಸೆಕ್ಷನ್ ಪ್ರಕಾರ, ಸ್ವಂತ ವಾಸದ ಮನೆ ಕೊಳ್ಳಲು ಅಥವಾ ಕಟ್ಟಲು ಮಾಡಿದ ಸಾಲದ ಬಡ್ಡಿಗೆ ಸಿಗುತ್ತಿದ್ದ ವಿನಾಯಿತಿಯ ಮಿತಿ 2001ರಲ್ಲಿ ಒಂದೂವರೆ ಲಕ್ಷ ರೂಪಾಯಿಗೆ, 2014ರಲ್ಲಿ ಎರಡು ಲಕ್ಷಕ್ಕೆ ಏರಿತು. ದುರಸ್ತಿ, ನವೀಕರಣಕ್ಕೆ ಮಾಡಿದ ಸಾಲಕ್ಕಾದರೆ ಮಿತಿ 30 ಸಾವಿರ. ಅದು ಎಲ್ಲಿತ್ತೋ ಅಲ್ಲಿಯೇ ಉಳಿಯಿತು. ಹೊಸ ತೆರಿಗೆ ಪದ್ಧತಿಯನ್ನು ಆಯ್ದುಕೊಂಡವರಿಗೆ ಎರಡೂ ಇಲ್ಲ ಎಂಬುದು ಬೇರೆ ಮಾತು. ಅಂದರೆ ನಾನು ಮೈಸೂರಿನಲ್ಲೊಂದು ಫ್ಲ್ಯಾಟ್ ಕೊಂಡಿದ್ದರೆ ಸರ್ಕಾರ ನನಗೆ ನೀಡಬಹುದಾಗಿದ್ದ ಪ್ರೋತ್ಸಾಹ, ಹಳ್ಳಿಯ ಮನೆಯನ್ನು ಎತ್ತಿ ನಿಲ್ಲಿಸಿದ್ದಕ್ಕೆ ನೀಡುತ್ತಿದ್ದುದರ ಆರೂವರೆ ಪಟ್ಟಿಗಿಂತ ಹೆಚ್ಚು. 2011ರ ಜನಗಣತಿಯ ವೇಳೆ ದೇಶದಲ್ಲಿ ಸುಮಾರು 2.47 ಕೋಟಿ ಮನೆ-ಕಟ್ಟಡಗಳು ಖಾಲಿ ಬಿದ್ದಿದ್ದವು. ಇರುವುದನ್ನು ವಾಸಯೋಗ್ಯ ಮಾಡುವುದೂ ವಸತಿ ನೀತಿಯೇ ಎಂದು ಆ ಅಂಕಿಯನ್ನು ಕಂಡಾದರೂ ಯಾರಿಗಾದರೂ ಅನಿಸಬೇಕಿತ್ತು.

ಅರ್ಥಶಾಸ್ತ್ರದ ವಿದ್ಯಾರ್ಥಿಗಳಿಗೆ ವಿಲಿಯಂ ಬಾಮೋಲ್ ಅವರ ವಾದ ನೆನಪಿರಬಹುದು. ಕಾರ್ಖಾನೆಯ ಸರಕು ಯಂತ್ರಗಳ ಕೃಪೆಯಿಂದ ಅಗ್ಗವಾಗುತ್ತ ಹೋದಂತೆ, ಮನುಷ್ಯನ ಕೈಯಿಂದಲೇ ಆಗಬೇಕಾದ ಕೆಲಸ ಹೋಲಿಕೆಯಲ್ಲಿ ದುಬಾರಿಯಾಗುತ್ತ ಹೋಗುತ್ತದೆ. ಅವರು 1960ರ ದಶಕದಲ್ಲಿ ಕೊಟ್ಟ ಉದಾಹರಣೆ ಸಂಗೀತ ಕಚೇರಿಯದು. ನಾಲ್ವರು ನುಡಿಸುವ ಕೃತಿಯನ್ನು ಇಬ್ಬರು ಅರ್ಧ ಸಮಯದಲ್ಲಿ ನುಡಿಸಲಾಗದು. ಗಾರೆ ಅರೆಯುವುದೂ ಹಾಗೆಯೇ. ನಮ್ಮ ಖರ್ಚಿನ ಪುಸ್ತಕದಲ್ಲಿ ಮೂರರಲ್ಲಿ ಎರಡು ಪಾಲು ಕೂಲಿಯ ಬಾಬ್ತು. ಆರ್‌ಸಿಸಿ ಮನೆಯಾಗಿದ್ದರೆ ದೊಡ್ಡ ಪಾಲು ಸಿಮೆಂಟು, ಕಬ್ಬಿಣ, ಟೈಲ್ಸ್‌ಗೆ ಹೋಗುತ್ತಿತ್ತು. ಒಟ್ಟು ಮೊತ್ತದಲ್ಲಿ ಹೆಚ್ಚು ವ್ಯತ್ಯಾಸವಾಗಲಿಲ್ಲ. ಆದರೆ ಕೂಲಿ ಪಡೆದವರೆಲ್ಲ ಹತ್ತು ಮೈಲಿಯೊಳಗಿನ ಜನ. ಆ ಹಣ ತೆರಕಣಾಂಬಿಯ ದಿನಸಿ ಅಂಗಡಿಯಲ್ಲಿ, ಗುಂಡ್ಲುಪೇಟೆಯ ಬಟ್ಟೆ ಅಂಗಡಿಯಲ್ಲಿ ಮತ್ತೊಮ್ಮೆ ಖರ್ಚಾಯಿತು. ಸಾಮಗ್ರಿಗಿಂತ ಕೂಲಿಗೆ ಖರ್ಚು ಮಾಡಿ ಎಂದು ಕೇರಳದಲ್ಲಿ ಬದುಕಿಡೀ ಹೇಳಿ, ಕಟ್ಟಿ ತೋರಿಸಿದ ವಾಸ್ತುಶಿಲ್ಪಿ ಲಾರಿ ಬೇಕರ್ 2007ರಲ್ಲಿ ತೀರಿಕೊಂಡರು. ಸಿಮೆಂಟಿನ ಮೇಲಿನ ಜಿಎಸ್‌ಟಿ ಶೇ 28ರಿಂದ 18ಕ್ಕೆ 2025ರ ಸೆಪ್ಟೆಂಬರ್ 22ರಂದು ಇಳಿಯಿತು. ಬಡವರ ಮನೆ ಅಗ್ಗವಾಗುವುದಾದರೆ ಸಂತೋಷವೇ. ತಕ್ಕಡಿಯ ಇನ್ನೊಂದು ತಟ್ಟೆಯಲ್ಲಿ ಏನನ್ನೂ ಇಡಲಿಲ್ಲವೆಂಬುದಷ್ಟೇ ನನ್ನ ಆಕ್ಷೇಪ.

ಅಗ್ಗದ ಸಾಮಗ್ರಿ ಎಲ್ಲಿಂದ ಬರುತ್ತದೆಂಬುದು ಈ ಸೀಮೆಯವರಿಗೆ ಚೆನ್ನಾಗಿ ಗೊತ್ತು. ಚಾಮರಾಜನಗರದ ಕರಿಕಲ್ಲು ದೂರದೇಶಗಳಲ್ಲಿ ಸಮಾಧಿಯ ಕಲ್ಲಾಗಿ ನಿಲ್ಲುತ್ತದೆ. ಗುಂಡ್ಲುಪೇಟೆಯ ಬಿಳಿಕಲ್ಲು ಜಲ್ಲಿಯಾಗಿ, ಎಂ-ಸ್ಯಾಂಡ್ ಆಗಿ ಇಲ್ಲಿಗೂ ಕೇರಳಕ್ಕೂ ಸಾಗುತ್ತದೆ. 2022ರ ಮಾರ್ಚ್ 4ರಂದು ಮಡಹಳ್ಳಿಯ ಗುಮ್ಮಕಲ್ಲು ಗುಡ್ಡದ ಕ್ವಾರಿ ಕುಸಿದಾಗ, ಹೊಟ್ಟೆಪಾಡಿಗೆ ಉತ್ತರ ಭಾರತದಿಂದ ಬಂದಿದ್ದ ಕಾರ್ಮಿಕರು ಬಂಡೆಗಳಡಿ ಸತ್ತರು. ಗುಡ್ಡ ಸವೆಯುವ ಲೆಕ್ಕವೂ ಪ್ರಾಣದ ಲೆಕ್ಕವೂ ಜಲ್ಲಿಯ ಲೋಡಿನ ಬಿಲ್ಲಿನಲ್ಲಿ ಇರುವುದಿಲ್ಲ.

ಇಷ್ಟು ಹೇಳಿದ ಮೇಲೆ ಹಳೆಯ ಮನೆಯ ಗುಣಗಾನಕ್ಕೆ ಇಳಿಯಬಾರದು. ಹೆಂಚಿನ ಮನೆ ಸೇವೆ ಬೇಡುತ್ತದೆ. ಪ್ರತಿ ಮುಂಗಾರಿಗೆ ಮುಂಚೆ ಯಾರಾದರೂ ಸೂರಿನ ಮೇಲೇರಿ ಹೆಂಚು ಸರಿಪಡಿಸಬೇಕು. ಬಂಡೀಪುರದ ಅಂಚಿನ ನಮ್ಮ ಹಳ್ಳಿಗಳಲ್ಲಿ ಕೋತಿಗಳು ಆ ಕೆಲಸವನ್ನು ವಾರಕ್ಕೊಮ್ಮೆ ಕೊಡುತ್ತವೆ. ಜನ ಹೆಂಚು ಬಿಟ್ಟು ತಾರಸಿಗೆ ಹೋದುದಕ್ಕೆ ಪ್ರತಿಷ್ಠೆಗಿಂತ ಕೋತಿಗಳೇ ಹೆಚ್ಚಿನ ಕಾರಣ ಎಂದರೆ ತಪ್ಪಾಗದು. ನಾವು ತೊಟ್ಟಿಯ ಮೇಲೆ ಕಬ್ಬಿಣದ ಜಾಲರಿ ಹಾಸಬೇಕಾಯಿತು. ತೊಟ್ಟಿಯಲ್ಲಿ ಬಿದ್ದ ಮಳೆನೀರನ್ನು ಹಿತ್ತಿಲಿನ ತೊಟ್ಟಿಗೆ ಹರಿಸಿದೆವು. ತಾತನ ಕಾಲದಲ್ಲಿ ಇರದಿದ್ದ ಕಕ್ಕಸು, ಸ್ನಾನದ ಮನೆಗಳನ್ನು ಮನೆಯೊಳಗೇ ಸೇರಿಸಿದೆವು. ಸೋರುವ ಗುಡಿಸಲಿನಿಂದ ಆಶ್ರಯ ಯೋಜನೆಯ ಮನೆಗೆ ಬಂದ ಕುಟುಂಬಕ್ಕೆ ಹೋಗಿ ಸುಣ್ಣದ ಗಾರೆಯ ಮಹಿಮೆ ಹೇಳುವ ಧೈರ್ಯ ನನಗಿಲ್ಲ, ಹೇಳುವುದು ನ್ಯಾಯವೂ ಅಲ್ಲ.

ಹೇಳಲೇಬೇಕಾದ ಇನ್ನೊಂದು ಮಾತಿದೆ. ತೊಟ್ಟಿಮನೆಯ ಚೆಲುವನ್ನು ಬಣ್ಣಿಸುವವರು ಜಗಲಿಯ ವಿಷಯದಲ್ಲಿ ಮೌನವಾಗುತ್ತಾರೆ. ದಾರಿಹೋಕರಿಗೆ ನೆರಳು ಕೊಟ್ಟ ಜಗಲಿಯೇ, ಯಾರು ಎಲ್ಲಿಯವರೆಗೆ ಬರಬಹುದೆಂಬ ಗೆರೆಯೂ ಆಗಿತ್ತು. ನಮ್ಮ ಮೇಸ್ತ್ರಿಯ ತಂದೆ ಈ ಮನೆಗೆ ಕಲ್ಲು ಹೊತ್ತವರು. ಮನೆ ಎದ್ದುನಿಂತ ಮೇಲೆ ಹೊಸ್ತಿಲು ದಾಟಿದವರಲ್ಲ. ಮಗ ಈಗ ನಡುಮನೆಯ ಗೋಡೆಗೆ ಗಾರೆ ತಿಕ್ಕಿ, ಮಧ್ಯಾಹ್ನ ಅಲ್ಲಿಯೇ ನಮ್ಮೊಡನೆ ಊಟಕ್ಕೆ ಕುಳಿತರು. ಮೊದಲ ದಿನ ಕರೆದಾಗ ಹಿತ್ತಿಲ ಕಡೆಗೇ ನಡೆದಿದ್ದರು. ಅವರ ಬಾಯಲ್ಲಿ ಈಗಲೂ ‘ಬುದ್ದಿ’. ಅವರ ಮೊಮ್ಮಗ ನನ್ನನ್ನು ‘ಸಾರ್’ ಎನ್ನುತ್ತಾನೆ, ಆ ಪದವೇ ನನಗೆ ಹಿತವಾಗಿದೆ. ಹುಡುಗ ಕೊಯಮತ್ತೂರಿನಲ್ಲಿ ಸೆಂಟ್ರಿಂಗ್ ಕೆಲಸ ಮಾಡುತ್ತಿದ್ದವನು, ಅಜ್ಜನಿಗೆ ನೆರವಾಗಲೆಂದು ಬಂದು ಏಳು ತಿಂಗಳಿದ್ದ. ಸುಣ್ಣದ ಹದ ಅವನ ಕೈಗೆ ಹತ್ತಿದೆ. ಮುಂದೆ ಆ ಕೈಗೆ ಕೆಲಸ ಕೊಡುವ ಮನೆಗಳು ಬೇಕಲ್ಲ?

ಮನೆ ಯಾರದು ಎಂಬ ಪ್ರಶ್ನೆಯೂ ದುರಸ್ತಿಯ ನಡುವೆಯೇ ಎದ್ದಿತು. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯ 23ನೇ ಸೆಕ್ಷನ್, ಗಂಡು ವಾರಸುದಾರರು ಪಾಲಾಗಲು ಒಪ್ಪುವವರೆಗೆ ಕುಟುಂಬದ ವಾಸದ ಮನೆಯಲ್ಲಿ ಪಾಲು ಕೇಳುವ ಹಕ್ಕನ್ನು ಹೆಣ್ಣುಮಕ್ಕಳಿಗೆ ತಡೆದಿತ್ತು. ಅವಿವಾಹಿತೆಯಾದರೆ, ವಿಧವೆಯಾದರೆ, ಗಂಡ ಬಿಟ್ಟವಳಾದರೆ ವಾಸಕ್ಕೊಂದು ಜಾಗ, ಅಷ್ಟೇ. 2005ರ ತಿದ್ದುಪಡಿ ಆ ಸೆಕ್ಷನ್ನನ್ನೇ ತೆಗೆದುಹಾಕಿತು. ಹುಟ್ಟಿನಿಂದಲೇ ಬರುವ ಪಾಲಿಗೆ ತಂದೆ ಆಗ ಬದುಕಿರಬೇಕೆಂದಿಲ್ಲ ಎಂದು ಸುಪ್ರೀಂ ಕೋರ್ಟ್ 2020ರ ಆಗಸ್ಟ್‌ನಲ್ಲಿ ಸ್ಪಷ್ಟಪಡಿಸಿತು. ಆದರೂ ಖರ್ಚು ಹಂಚುವಾಗ ನಮ್ಮ ಮನೆಯಲ್ಲಿ ಮೂರು ಭಾಗ ಎಂದೇ ಮಾತು ಶುರುವಾಗಿತ್ತು. ನಂಜನಗೂಡಿನಿಂದ ಬಂದಿದ್ದ ಅಕ್ಕ ಲೆಕ್ಕದ ಪುಸ್ತಕ ನೋಡಿ, ‘ಐದು ಭಾಗ ಮಾಡ್ರಪ್ಪ, ನಮ್ಮ ಪಾಲಿನ ದುಡ್ಡನ್ನೂ ನಾವೇ ಕೊಡ್ತೀವಿ’ ಎಂದರು. ಕಾನೂನು ಬಂದು ಹತ್ತೊಂಬತ್ತು ವರ್ಷವಾಗಿದ್ದರೂ ಅಡುಗೆಮನೆಯವರೆಗೆ ಅದು ತಲುಪಿದ್ದು ಆ ಸಂಜೆ. ದುಡ್ಡು ಕೊಟ್ಟ ಮೇಲೆ ಅಡುಗೆಮನೆಯ ಕಿಟಕಿ ಎಷ್ಟು ದೊಡ್ಡದಿರಬೇಕೆಂಬುದನ್ನು ತೀರ್ಮಾನಿಸಿದವರೂ ಅಕ್ಕಂದಿರೇ. ಅದು ತಾತನ ನಕ್ಷೆಯಲ್ಲಿದ್ದ ಕಿಂಡಿಯ ನಾಲ್ಕು ಪಟ್ಟಿದೆ.

ರಾಜಮನೆತನದ ಹುಟ್ಟುಮನೆಗಾದರೆ ಸ್ಮಾರಕದ ಭಾಗ್ಯವುಂಟು. ಅರಿಕುಠಾರವೆಂಬ ಊರು ಚಾಮರಾಜನಗರವಾದುದೇ ಮುಮ್ಮಡಿ ಕೃಷ್ಣರಾಜ ಒಡೆಯರ ತಂದೆ ಅಲ್ಲಿ ಹುಟ್ಟಿದರೆಂಬ ಕಾರಣಕ್ಕೆ. ಆ ಜಾಗದ ಜನನ ಮಂಟಪ ಇಂದಿಗೂ ಇದೆ. ಸಾಮಾನ್ಯರ ಮನೆಗಳನ್ನು ಉಳಿಸಲು ಹೊರಟ ಮಣಿಪಾಲದ ವಿಜಯನಾಥ ಶೆಣೈ ಅವರು ಬೀಳಲಿದ್ದ ಮನೆಗಳನ್ನು ಬಿಚ್ಚಿ ತಂದು ಮತ್ತೆ ಜೋಡಿಸಿ ಒಂದು ಊರನ್ನೇ ಕಟ್ಟಿದರು. ಅಂಥ ಸಾಹಸ ಇನ್ನೊಬ್ಬರಿಂದ ಆಗುವಂಥದಲ್ಲ. ಆದರೂ ಅಲ್ಲಿ ಮನೆಗಳಿವೆ, ಒಲೆ ಹೊತ್ತಿಸುವವರಿಲ್ಲ. ಇದ್ದಲ್ಲಿಯೇ ಇದ್ದು ವಾಸಕ್ಕೆ ಒದಗುವ ಮನೆಗೆ ಬೇಕಾದುದು ಸ್ಮಾರಕದ ಫಲಕವಲ್ಲ. ದುರಸ್ತಿಯ ಸಾಲಕ್ಕೂ ಕಟ್ಟುವ ಸಾಲಕ್ಕೂ ಒಂದೇ ಮಿತಿ, ನಿಂತ ಮನೆಗೂ ಬೆಲೆ ಕಟ್ಟುವ ಮೌಲ್ಯಮಾಪನ, ಜಿಲ್ಲೆಯ ತರಬೇತಿ ಸಂಸ್ಥೆಗಳಲ್ಲಿ ಸುಣ್ಣ–ಮಣ್ಣಿನ ಕೆಲಸಕ್ಕೊಂದು ಕೋರ್ಸು. ಇವು ಯಾವುವೂ ಬೊಕ್ಕಸ ಬರಿದಾಗಿಸುವ ಬೇಡಿಕೆಗಳಲ್ಲ.

ನಮ್ಮ ಮನೆಯಲ್ಲಿ ತಮ್ಮನ ಸಂಸಾರ ಈಗ ವಾಸವಾಗಿದೆ. ಕೊಟ್ಟಿಗೆಯ ಸೂರು ಬಾಕಿ. ಹಳೆಯ ಹೆಂಚು ಅರ್ಧದಷ್ಟು ಒಡೆದುಹೋಗಿವೆ, ಅದೇ ಅಳತೆಯವು ಬೇಗೂರಿನ ಬಳಿ ಮನೆ ಕೆಡವುತ್ತಿರುವ ಒಬ್ಬರಲ್ಲಿ ಇವೆಯಂತೆ.