ತಾಯಿ ಇದ್ದೂ ‘ಅನಾಥ’: ಕೊರಿಯಾದಿಂದ ವಿದೇಶಕ್ಕೆ ದತ್ತು ಹೋದ ಮಕ್ಕಳು

ದತ್ತು ವಿಷಯ ಎತ್ತಿದಾಗಲೆಲ್ಲ ನನಗೆ ತಪ್ಪದೇ ಎದುರಾಗೋ ಒಂದು ಪ್ರಶ್ನೆ ಇದೆ. “ಬಡ ದೇಶದ ಮಗುವಿಗೆ ಶ್ರೀಮಂತ ದೇಶದಲ್ಲಿ ಅಪ್ಪ-ಅಮ್ಮ ಸಿಕ್ಕರೆ ಒಳ್ಳೇದೇ ಅಲ್ವಾ, ಅದರಲ್ಲಿ ತಪ್ಪೇನು?” ತಪ್ಪೇನಿಲ್ಲ. ಎಷ್ಟೋ ಮಕ್ಕಳಿಗೆ ಅದರಿಂದ ಒಳ್ಳೆಯದೇ ಆಗಿದೆ. ಆದ್ರೆ ಅದಕ್ಕೂ ಮೊದಲು ಕೇಳಬೇಕಾದ ಇನ್ನೊಂದು ಪ್ರಶ್ನೆ ಇದೆ. ಆ ಮಗು ನಿಜವಾಗಿಯೂ ಅನಾಥವೇ? ಹಾಗಂತ ಕಾಗದದ ಮೇಲೆ ಬರೆದವರು ಯಾರು?

ಈ ಪ್ರಶ್ನೆಗೆ ದಕ್ಷಿಣ ಕೊರಿಯಾದಷ್ಟು ಸ್ಪಷ್ಟ ಉತ್ತರ ಕೊಡುವ ದೇಶ ಇನ್ನೊಂದಿಲ್ಲ ಅಂತ ನನ್ನ ಅಭಿಪ್ರಾಯ. 2025ರ ಮಾರ್ಚ್‌ನಲ್ಲಿ ಅಲ್ಲಿನ ಸತ್ಯ ಮತ್ತು ಸಮನ್ವಯ ಆಯೋಗ ಒಂದು ವರದಿ ಕೊಟ್ಟಿತು. ಯುರೋಪ್, ಅಮೆರಿಕ, ಆಸ್ಟ್ರೇಲಿಯಾಗಳಿಗೆ ದತ್ತು ಹೋಗಿದ್ದ 367 ಜನ ಅದಕ್ಕೆ ದೂರು ಕೊಟ್ಟಿದ್ದರು. ಮೊದಲ ಕಂತಿನಲ್ಲೇ 56 ಜನರ ಮಾನವ ಹಕ್ಕು ಉಲ್ಲಂಘನೆಯಾಗಿದೆ, ಇದರಲ್ಲಿ ಸರ್ಕಾರದ ಹೊಣೆಯೂ ಇದೆ ಅಂತ ಆಯೋಗ ಹೇಳಿತು.

ಇದು ಶುರುವಾಗಿದ್ದು ಯುದ್ಧದಿಂದ. 1950ರಿಂದ 53ರವರೆಗೆ ನಡೆದ ಕೊರಿಯಾ ಯುದ್ಧ ಮುಗಿದಾಗ ಬೀದಿ ತುಂಬಾ ಮಕ್ಕಳು. ಅವರಲ್ಲಿ ವಿದೇಶಿ ಸೈನಿಕರಿಗೆ ಹುಟ್ಟಿದವರೂ ಇದ್ದರು. ‘ಒಂದೇ ರಕ್ತ, ಒಂದೇ ಜನಾಂಗ’ ಅಂತ ಹೆಮ್ಮೆ ಪಡುತ್ತಿದ್ದ ದೇಶಕ್ಕೆ ಆ ಮಕ್ಕಳು ಬೇಡವಾಗಿದ್ದರು. 1955ರಲ್ಲಿ ಅಮೆರಿಕದ ಒರೆಗಾನ್ ರಾಜ್ಯದ ಹ್ಯಾರಿ ಹೋಲ್ಟ್ ಎಂಬ ರೈತ ಎಂಟು ಮಕ್ಕಳನ್ನು ದತ್ತು ತಗೊಂಡ. ಅದಕ್ಕಾಗಿ ಅಮೆರಿಕದ ಸಂಸತ್ತು ವಿಶೇಷ ಕಾನೂನನ್ನೇ ಮಾಡಬೇಕಾಯ್ತು. ಪತ್ರಿಕೆಗಳಲ್ಲಿ ದೊಡ್ಡ ಸುದ್ದಿ, ಸಾವಿರಾರು ಕುಟುಂಬಗಳಿಂದ ‘ನಮಗೂ ಒಂದು ಮಗು’ ಅನ್ನೋ ಬೇಡಿಕೆ. ಹೋಲ್ಟ್ ಹೆಸರಿನ ಸಂಸ್ಥೆ ಹುಟ್ಟಿದ್ದು ಹೀಗೆ.

ಅಲ್ಲಿವರೆಗೆ ಸರಿ, ಅದು ಯುದ್ಧಕಾಲದ ತುರ್ತು ಅಂದುಕೊಳ್ಳೋಣ. ಆದ್ರೆ ವಿಚಿತ್ರ ನೋಡಿ. ಯುದ್ಧ ಮುಗಿದು ಮೂವತ್ತು ವರ್ಷ ಆಗಿತ್ತು. ದೇಶದಲ್ಲಿ ಹಡಗು, ಕಾರು, ಟಿವಿ ತಯಾರಾಗ್ತಿತ್ತು. ಆಗ ವಿದೇಶಕ್ಕೆ ಹೋಗುವ ಮಕ್ಕಳ ಸಂಖ್ಯೆ ಇಳಿಯಬೇಕಿತ್ತು, ಅಲ್ವಾ? ಏರಿತು. 1985 ಒಂದೇ ವರ್ಷ 8,800ಕ್ಕೂ ಹೆಚ್ಚು ಮಕ್ಕಳು ವಿಮಾನ ಹತ್ತಿದರು. ಒಟ್ಟಾರೆ ಹೋದವರು 1.4 ಲಕ್ಷಕ್ಕೂ ಹೆಚ್ಚು.

ಇವರು ಯುದ್ಧದ ಅನಾಥರಲ್ಲ. ಹೆಚ್ಚಿನವರು ಮದುವೆಯಾಗದ ತಾಯಂದಿರ ಮಕ್ಕಳು, ಬಡ ಕುಟುಂಬಗಳ ಮಕ್ಕಳು. ಆಗಿನ ಕುಟುಂಬ ನೋಂದಣಿ ಪದ್ಧತಿಯಲ್ಲಿ ಮನೆಯ ಯಜಮಾನಿಕೆಗೆ ಗಂಡಸಿಗೇ ಆದ್ಯತೆ ಇತ್ತು. ಅಪ್ಪನ ಹೆಸರಿಲ್ಲದ ಮಗುವನ್ನು ಒಬ್ಬಳೇ ಸಾಕುವ ಹೆಣ್ಣುಮಗಳಿಗೆ ಸಮಾಜವೂ ಇಲ್ಲ, ಸರ್ಕಾರದ ನೆರವೂ ಇಲ್ಲ. ಈ ಅವಮಾನ ಎಂಥದ್ದು ಅಂತ ನಮ್ಮೂರುಗಳಲ್ಲಿ ಬೆಳೆದವರಿಗೆ ನಾನು ಬಿಡಿಸಿ ಹೇಳಬೇಕಿಲ್ಲ. ಮಕ್ಕಳನ್ನು ಹೊರಗೆ ಕಳಿಸಿದರೆ ಸರ್ಕಾರಕ್ಕೆ ಮಕ್ಕಳ ಕಲ್ಯಾಣದ ಖರ್ಚು ಉಳೀತು, ದತ್ತು ಸಂಸ್ಥೆಗಳಿಗೆ ಶುಲ್ಕ ಬಂತು.

ಇದು ಹೇಗೆ ನಡೀತಿತ್ತು ಅನ್ನೋದನ್ನ ಸ್ವಲ್ಪ ನಿಧಾನವಾಗಿ ಹೇಳ್ತೀನಿ, ಯಾಕಂದ್ರೆ ವಿಷಯದ ತಿರುಳೇ ಇಲ್ಲಿದೆ. ಅಮೆರಿಕದ ವೀಸಾ ಬೇಕಂದ್ರೆ ಮಗು ‘ಅನಾಥ’ ಆಗಿರಬೇಕಿತ್ತು. ಹಾಗಾಗಿ ಮಗುವಿನ ಹೆಸರಲ್ಲಿ ಹೊಸದೊಂದು ಅನಾಥ ನೋಂದಣಿ ಮಾಡಿಸ್ತಿದ್ರು. ಅದರಲ್ಲಿ ತಾಯಿ ಇಲ್ಲ, ತಂದೆ ಇಲ್ಲ, ಊರಿಲ್ಲ. ದತ್ತು ಸಂಸ್ಥೆಯ ಮುಖ್ಯಸ್ಥರೇ ಆ ಮಗುವಿನ ಕಾನೂನುಬದ್ಧ ಪಾಲಕರು, ದತ್ತು ಕೊಡುವವರೂ ಅವರೇ. ಮಗುವಿನ ಪರವಾಗಿ ‘ಬೇಡ’ ಅನ್ನೋಕೆ ಮಧ್ಯದಲ್ಲಿ ಯಾರೂ ಇರಲಿಲ್ಲ. ದತ್ತು ಪಡೆಯುವವರು ಕೊರಿಯಾಗೆ ಬರಲೇಬೇಕು ಅಂತಲೂ ಇರಲಿಲ್ಲ. ಬೆಂಗಾವಲಿನವರು ಮಕ್ಕಳನ್ನು ವಿಮಾನದಲ್ಲಿ ಕರೆದೊಯ್ದು ಒಪ್ಪಿಸಿದರೆ ಮುಗೀತು.

ಆಯೋಗದ ವರದಿಯಲ್ಲಿ ನನ್ನನ್ನು ಹೆಚ್ಚು ಕಾಡಿದ್ದು ಮಕ್ಕಳ ಅದಲು-ಬದಲು. ಕಾಗದಪತ್ರ ಸಿದ್ಧವಾದ ಮೇಲೆ ಒಂದು ಮಗು ತೀರಿಕೊಂಡರೆ, ಅಥವಾ ಹೆತ್ತವರು ಬಂದು ವಾಪಸ್ ಕರೆದುಕೊಂಡು ಹೋದರೆ, ಅದೇ ಕಾಗದದ ಮೇಲೆ ಇನ್ನೊಂದು ಮಗುವನ್ನು ಕಳಿಸಿಬಿಡುತ್ತಿದ್ದರು. ಐವತ್ತು ವರ್ಷ ಆದಮೇಲೆ ಆ ಮಗು ತನ್ನ ಕಡತ ಹಿಡಿದು ತಾಯಿಯನ್ನು ಹುಡುಕಿಕೊಂಡು ಬಂದರೆ ಸಿಗೋದು ಬೇರೆ ಯಾರದೋ ತಾಯಿ. ಸುಳ್ಳು ಬರೆದವರು ಮಗುವಿನ ಹುಟ್ಟಿದ ದಿನವನ್ನೂ ಬಿಟ್ಟಿಲ್ಲ.

ಅಮೆರಿಕಕ್ಕೆ ಹೋದವರ ಕಷ್ಟ ಅಲ್ಲಿಗೂ ಮುಗಿಯಲಿಲ್ಲ. ದತ್ತು ಪಡೆದವರು ಪೌರತ್ವದ ಅರ್ಜಿ ಹಾಕೋದನ್ನ ಮರೆತಿದ್ದರೆ ಮಗು ಅಮೆರಿಕದ ಪ್ರಜೆ ಆಗ್ತಾನೇ ಇರಲಿಲ್ಲ. 2000ದ ಕಾನೂನು ಇದನ್ನು ಸರಿಪಡಿಸಿತು, ಆದ್ರೆ 2001ರ ಫೆಬ್ರುವರಿ 27ರೊಳಗೆ 18 ತುಂಬಿದವರನ್ನು ಹೊರಗಿಟ್ಟಿತು. ಹೀಗೆ ಉಳಿದುಹೋದ ಕೆಲವರನ್ನು ಕೊರಿಯಾಗೆ ಗಡಿಪಾರು ಮಾಡಿದ್ದೂ ಉಂಟು. ಭಾಷೆ ಬಾರದ, ಗುರುತಿನವರಿಲ್ಲದ ‘ತಾಯ್ನಾಡಿಗೆ’!

ಇದು ಕೊರಿಯಾ ಒಂದರ ಕಥೆಯೂ ಅಲ್ಲ. 1980ರ ದಶಕದಲ್ಲಿ ಶ್ರೀಲಂಕಾದಿಂದ ನೆದರ್‌ಲೆಂಡ್ಸ್ ಮತ್ತಿತರ ದೇಶಗಳಿಗೆ ಹೋದ ಮಕ್ಕಳ ವಿಷಯದಲ್ಲೂ ನಕಲಿ ದಾಖಲೆ ಸಿಕ್ಕವು. ಡಚ್ ಸರ್ಕಾರದ ಸಮಿತಿಯೇ 2021ರಲ್ಲಿ ಇದನ್ನು ಒಪ್ಪಿಕೊಂಡಿತು. ಇಥಿಯೋಪಿಯಾ 2018ರಲ್ಲಿ ವಿದೇಶಿ ದತ್ತು ನಿಷೇಧಿಸಿತು. 1.6 ಲಕ್ಷಕ್ಕೂ ಹೆಚ್ಚು ಮಕ್ಕಳನ್ನು ಕಳಿಸಿದ್ದ ಚೀನಾ 2024ರಲ್ಲಿ ಬಾಗಿಲು ಹಾಕಿತು. ಅಮೆರಿಕಕ್ಕೆ 2004ರಲ್ಲಿ ಸುಮಾರು 23,000 ವಿದೇಶಿ ಮಕ್ಕಳು ದತ್ತು ಬಂದಿದ್ದರು, 2023ರಲ್ಲಿ 1,300ಕ್ಕಿಂತ ಕಡಿಮೆ.

ನಮ್ಮ ದೇಶ ಈ ಪ್ರಶ್ನೆಯನ್ನು ಸಾಕಷ್ಟು ಮುಂಚೆಯೇ ಎದುರಿಸಿತು. ಮಕ್ಕಳನ್ನು ವಿದೇಶಕ್ಕೆ ಕಳಿಸುವುದರಲ್ಲಿ ಅಕ್ರಮ ನಡೀತಿದೆ ಅಂತ ಲಕ್ಷ್ಮೀಕಾಂತ್ ಪಾಂಡೆ ಎಂಬ ವಕೀಲರು ಸುಪ್ರೀಂ ಕೋರ್ಟಿಗೆ ಒಂದು ಪತ್ರ ಬರೆದರು. ಆ ಪತ್ರವನ್ನೇ ಅರ್ಜಿಯಾಗಿ ತಗೊಂಡು 1984ರಲ್ಲಿ ನ್ಯಾಯಮೂರ್ತಿ ಪಿ.ಎನ್. ಭಗವತಿಯವರ ಪೀಠ ನಿಯಮ ಹಾಕಿಕೊಟ್ಟಿತು. ಮೊದಲು ದೇಶದೊಳಗೇ ಮನೆ ಹುಡುಕಿ, ಸಿಗದಿದ್ದರೆ ಮಾತ್ರ ಹೊರಗೆ. ಇವತ್ತಿನ ‘ಕಾರಾ’, ಅಂದ್ರೆ ಕೇಂದ್ರೀಯ ದತ್ತು ಸಂಪನ್ಮೂಲ ಪ್ರಾಧಿಕಾರ ಬಂದಿದ್ದು ಆ ತೀರ್ಪಿನ ಹಿನ್ನೆಲೆಯಲ್ಲೇ. ಈಗ ಮಗುವನ್ನು ಒಪ್ಪಿಸಿದ ತಾಯಿಗೆ ಮನಸ್ಸು ಬದಲಿಸೋಕೆ ಎರಡು ತಿಂಗಳ ಸಮಯ ಇದೆ. ಮಕ್ಕಳ ಕಲ್ಯಾಣ ಸಮಿತಿ ಘೋಷಿಸದೇ ಅಂಥ ಮಗುವನ್ನು ದತ್ತು ಕೊಡುವಂತಿಲ್ಲ. 2024–25ರಲ್ಲಿ ಆದ 4,515 ದತ್ತುಗಳಲ್ಲಿ 4,155 ದೇಶದೊಳಗೇ ಆದವು. ಹೊರಗೆ ಹೋಗುವವರಲ್ಲಿ ದೊಡ್ಡ ಪಾಲು ಅಂಗವೈಕಲ್ಯ ಅಥವಾ ಕಾಯಿಲೆ ಇರುವ ಮಕ್ಕಳು, ಸ್ವಲ್ಪ ದೊಡ್ಡವರಾದ ಮಕ್ಕಳು. ಇಲ್ಲಿ ಅವರನ್ನು ಕೇಳೋರಿಲ್ಲ. ನಿಜ ಹೇಳ್ಬೇಕಂದ್ರೆ, ವಿದೇಶಿ ದತ್ತು ಪೂರ್ತಿ ನಿಲ್ಲಿಸಿ ಅನ್ನೋರ ಜೊತೆ ನಾನು ಸೇರದೇ ಇರೋದು ಈ ಮಕ್ಕಳ ಕಾರಣಕ್ಕೇ.

ಮತ್ತೆ ಕೊರಿಯಾಗೆ ಬರೋಣ. 2025ರ ಜುಲೈನಿಂದ ಅಲ್ಲಿ ದತ್ತು ಪ್ರಕ್ರಿಯೆ ಖಾಸಗಿ ಸಂಸ್ಥೆಗಳ ಕೈಯಿಂದ ಸರ್ಕಾರಕ್ಕೆ ಬಂತು. ವಿದೇಶಿ ದತ್ತಿಗೆ ಸಂಬಂಧಿಸಿದ 1993ರ ಹೇಗ್ ಒಪ್ಪಂದ ಅಕ್ಟೋಬರ್ 1ರಿಂದ ಜಾರಿಯಾಯಿತು. ಮರುದಿನ ಅಧ್ಯಕ್ಷ ಲೀ ಜೇ-ಮ್ಯುಂಗ್ ದತ್ತು ಹೋದವರ ಕ್ಷಮೆ ಕೇಳಿದರು. ಆದರೆ ಆಯೋಗದ ತನಿಖೆ ಮಾತ್ರ ಸದಸ್ಯರ ಜಗಳದಿಂದ ಏಪ್ರಿಲ್‌ನಲ್ಲೇ ನಿಂತಿತ್ತು, ದೂರು ಕೊಟ್ಟ ಉಳಿದವರು ಕಾಯುತ್ತಲೇ ಉಳಿದರು. ಕಾಗದ ನಂಬುವಂತಿಲ್ಲದ ಮೇಲೆ ಉಳಿದಿರೋದು ಡಿಎನ್‌ಎ ಒಂದೇ. ವಿದೇಶದಲ್ಲಿರುವ ಕೊರಿಯಾದ ಕೆಲವು ರಾಯಭಾರ ಕಚೇರಿಗಳಲ್ಲಿ 2020ರಿಂದ ಮಾದರಿ ಕೊಡಬಹುದು. ಹೊಂದಿಕೆ ಆಗಬೇಕಂದ್ರೆ ಆ ಕಡೆಯಿಂದ ತಾಯಿಯೋ, ಹತ್ತಿರದ ಬಂಧುವೋ ತಮ್ಮ ಮಾದರಿ ಕೊಟ್ಟಿರಬೇಕು. ಆ ತಾಯಂದಿರಲ್ಲಿ ಅನೇಕರಿಗೆ ಈಗ ಎಪ್ಪತ್ತು ದಾಟಿದೆ, ಕೆಲವರು ಮಗು ಇತ್ತು ಅನ್ನೋದನ್ನೇ ಮನೆಯಲ್ಲಿ ಯಾರಿಗೂ ಹೇಳಿಲ್ಲ.